ನಾಯಕಿಣಿಯ ತುತ್ತು

ರೊಟ್ಟಿ ಬಡಿಯುವಾಗಲೇ ಸಾವಂತ್ರೆವ್ವನಿಗೆ ತನ್ನ ಬಲಗೈ ತನ್ನದಲ್ಲ ಅನ್ನಿಸತೊಡಗಿತ್ತು. ಹಿಟ್ಟಿನ ಮೇಲೆ ಬಿದ್ದು ಏಳುತ್ತಿದ್ದ ಆ ಕೈಯನ್ನು ಅವಳು ಒಲೆಯ ಬೆಳಕಿನಲ್ಲಿ ಬೇರೆ ಯಾರದೋ ಕೈ ಎಂಬಂತೆ ನೋಡಿದಳು. ನೂಲು ಹಿಡಿದು ಹಿಡಿದು ತೋರುಬೆರಳಿನ ಮಗ್ಗುಲಿಗೆ ಗೀರು ಬಿದ್ದಿತ್ತು, ಉಗುರು ಸಣ್ಣಗೆ ಕತ್ತರಿಸಿಕೊಂಡಿದ್ದಳು, ಎಲ್ಲಾದರೂ ಕೊಳೆ ಇದೆಯೇ ಅಂದರೆ ಇರಲಿಲ್ಲ. ಚೊಕ್ಕ ಕೈಯೇ. ಆದರೆ ಇವತ್ತು ಮಧ್ಯಾಹ್ನ ಮಿಲ್ಲಿನಲ್ಲಿ ಊಟದ ಭೋಂಗಾ ಕೂಗಿದ ಮೇಲೆ ಈ ಕೈ ಮಂದಿಯ ಬುತ್ತಿಯೊಳಗೆ ಹೋಗಬೇಕು. ಹೋದೀತೋ, ಹಿಂದೆ ಸರಿದೀತೋ, ಹೋಗಗೊಟ್ಟಾರೋ, ತಮ್ಮ ಗಂಟನ್ನು ಎಳೆದುಕೊಂಡಾರೋ. ರಾತ್ರಿಯೆಲ್ಲ ಇದನ್ನೇ ತಿರುವಿ ಮುರುವಿ ಹಾಕಿ ಅವಳ ತಲೆ ಸೋತುಹೋಗಿತ್ತು. ಹೆಂಚಿನ ಮೇಲಿನ ರೊಟ್ಟಿ ಒಂದು ಮಗ್ಗುಲು ಕರಕಾಗಿ ವಾಸನೆ ಬಂದಾಗಲೇ ಎಚ್ಚರ.

ಫಾಲ್ಸಿನ ದಂಡೆಯ ಮೇಲಿನ ಆ ಮಿಲ್ಲಿನಲ್ಲಿ ನೂಲನ್ನು ಬಾಬಿನ್ನಿನಿಂದ ಬಿಚ್ಚಿ ಲಡಿ ಮಾಡುವ ರೀಲಿಂಗ್ ಖಾತೆ ಪೂರ್ತಿ ಹೆಣ್ಣುಮಕ್ಕಳದು. ಅವರ ಮೇಲಿನವಳಿಗೆ ನಾಯಕಿಣಿ ಎನ್ನುತ್ತಿದ್ದರು. ಕೊಣ್ಣೂರಿನ ಕೆಂಚವ್ವ ಎಷ್ಟೋ ವರ್ಷ ಆ ಜಾಗದಲ್ಲಿದ್ದಳು. ಕಣ್ಣಿಗೆ ಪೊರೆ ಬಂದು ನೂಲು ಕಾಣದ ಹಾಗಾದ ಮೇಲೆ ಮೊನ್ನೆ ಮನೆ ಸೇರಿದ್ದಳು. ಅವಳ ಜಾಗಕ್ಕೆ ಯಾರು ಎಂದು ಎಲ್ಲರೂ ಕೆಂಚವ್ವನ ಸಾಲಿನಲ್ಲೇ ಹಳಬಳಾದ ಫಕೀರವ್ವನ ಕಡೆ ನೋಡುತ್ತಿರುವಾಗ ನಿನ್ನೆ ಖಾತೆಯ ಮಾಸ್ತರ ಸಾಹೇಬ ಬಂದವನೇ ಸಾವಂತ್ರೆವ್ವನ ಕಡೆ ಬೆರಳು ಮಾಡಿ, ಈಕೆಯ ಲಡಿಯಲ್ಲಿ ಒಂದು ದಿವಸವೂ ಸಿಕ್ಕು ಕಂಡಿಲ್ಲ, ನಾಳೆಯಿಂದ ಈಕೆಯೇ ನಾಯಕಿಣಿ ಎಂದು ಹೇಳಿ ಹೊರಟುಹೋದ. ಅವನಿಗೇನು, ಬೆರಳು ಮಾಡಿ ಹೋದ. ಆ ಬೆರಳು ಎಲ್ಲಿ ನಾಟಿತೆಂಬುದು ಆ ಖಾತೆಯಲ್ಲಿ ಮಧ್ಯಾಹ್ನದ ಊಟಕ್ಕೆ ಕೂತವರಿಗೇ ಗೊತ್ತು. ಅಲ್ಲಿಯ ರೂಢಿಯೆಂದರೆ, ಎಲ್ಲರೂ ಬುತ್ತಿ ಬಿಚ್ಚಿಕೊಂಡು ಕೂತ ಮೇಲೆ ನಾಯಕಿಣಿ ಸಾಲು ಹಿಡಿದು ಬರುವಳು, ಒಬ್ಬೊಬ್ಬರ ಬುತ್ತಿಗೂ ಕೈಹಾಕಿ ಒಂದೊಂದು ಚೂರು ಮುರಿದು ಸೆರಗಿಗೆ ಹಾಕಿಕೊಳ್ಳುವಳು. ಅಲ್ಲಿಯವರೆಗೆ ಯಾರೂ ತುತ್ತು ಎತ್ತುವ ಹಾಗಿಲ್ಲ. ಅದು ನಾಯಕಿಣಿಯ ಮಾನ ಎಂದು ಎಲ್ಲರೂ ತಿಳಿದಿದ್ದರು. ಸಾವಂತ್ರೆವ್ವನೂ ಹಾಗೆಯೇ ತಿಳಿದಿದ್ದಳು.

ಕೆಂಚವ್ವ ಲಿಂಗವಂತರವಳು. ತನ್ನವರ ಸಾಲಿನಲ್ಲಿ ಅವಳು ಕೈಹಾಕಿ ಮುರಿಯುವಳು. ನಲ್ಲಿಯ ಹತ್ತಿರ, ಗೋಡೆಗೆ ಹತ್ತಿಕೊಂಡು ಬೇರೆಯಾಗಿ ಕೂಡುವ ಸಾವಂತ್ರೆವ್ವ, ಪದ್ಮವ್ವ, ಕರೆವ್ವರ ಸಾಲಿಗೆ ಬಂದಾಗ ಮಾತ್ರ ಕೈ ಚಾಚುತ್ತಿರಲಿಲ್ಲ, ಸೆರಗು ಹಿಡಿಯುವಳು. ಇವರೇ ಮುರಿದು, ತಾಗದ ಹಾಗೆ ಮೇಲಿನಿಂದ ಹಾಕಬೇಕು. ನೂಲಿಗೆ ಮೈಲಿಗೆ ಇರಲಿಲ್ಲ. ಸಾವಂತ್ರೆವ್ವ ಹಿಡಿದ ಬಾಬಿನ್ನನ್ನೇ ಫಕೀರವ್ವ ಹಿಡಿಯುವಳು, ಇಬ್ಬರ ಉಗುಳೂ ಹತ್ತಿದ ಎಳೆಯನ್ನು ಗಂಟುಹಾಕಿ ಮುಂದೆ ಸಾಗಿಸುವರು. ಮೈಲಿಗೆಯೆಲ್ಲ ರೊಟ್ಟಿಗೆ. ಈಗ ಆ ಮೈಲಿಗೆಯೇ ನಾಯಕಿಣಿಯಾಗಿ ಸಾಲು ಹಿಡಿದು ಬಂದರೆ ಏನು ಮಾಡುವುದು ಎಂಬ ಪ್ರಶ್ನೆ ಹಿಂದೆಂದೂ ಯಾರಿಗೂ ಬಂದಿರಲಿಲ್ಲ.

ಗಂಡ ಲಗಮಪ್ಪ ಚಹಾದ ಕಪ್ಪು ಕೆಳಗಿಟ್ಟು, ಘಟಪ್ರಭಾ ಟೇಸನ್ನಿಗೆ ಹಮಾಲಿಗೆ ಹೊರಟವನು ಬಾಗಿಲಲ್ಲಿ ನಿಂತ. ಹೋದ ವರ್ಷ ಅವರ ಮಂದಿಯೆಲ್ಲ ಕೂಡಿ ಬುದ್ಧನ ದೀಕ್ಷೆ ತೆಗೆದುಕೊಂಡ ಮೇಲೆ ಅವನ ಬೆನ್ನು ನೆಟ್ಟಗಾಗಿತ್ತು. ಮೂಟೆ ಹೊತ್ತಾಗಲೂ ಹಾಗೆಯೇ ನಡೆಯುತ್ತಾನೆಂದು ಜತೆಯವರು ನಗುತ್ತಿದ್ದರು. ಗೋಡೆಯ ಮೇಲೆ ಬಾಬಾಸಾಹೇಬರ ಫೋಟೋ ಹಾಕಿ ದಿನಾ ತಾನೇ ಒರೆಸುವನು.

"ನೋಡ, ಅಂಜಬ್ಯಾಡ. ಕೈ ಹಾಕು. ಅದು ನಿನ್ನ ಹಕ್ಕ ಐತಿ. ಫಕೀರವ್ವನ ಬುತ್ತ್ಯಾಗಿಂದ ದೊಡ್ಡ ಚೂರ ಮುರಿ," ಎಂದ.

ಸಾವಂತ್ರೆವ್ವ ಹೂಂ ಅಂದಳು. ಅವನ ಮಾತು ಖರೆಯೇ. ದೀಕ್ಷೆಯ ದಿನ ಅವಳೂ ಬಿಳಿ ಸೀರೆ ಉಟ್ಟು ನಿಂತಿದ್ದಳು, ಕೈ ಜೋಡಿಸಿದ್ದಳು, ಯಾಕೆಂದು ತಿಳಿಯದೆ ಅತ್ತಿದ್ದಳು. ಆದರೆ ಅವತ್ತು ತಲೆ ದೀಕ್ಷೆ ತೆಗೆದುಕೊಂಡಿತ್ತು, ಕೈ ಇನ್ನೂ ತೆಗೆದುಕೊಂಡಿರಲಿಲ್ಲ. ಸಣ್ಣಾಕೆ ಇದ್ದಾಗ ಗೌಡರ ಮನೆಯ ಕಟ್ಟೆಯ ಮೇಲೆ ಒಣಹಾಕಿದ್ದ ಹಪ್ಪಳದ ಮೇಲೆ ಅವಳ ನೆರಳು ಬಿತ್ತೆಂದು ಅವ್ವ ಎಲ್ಲರೆದುರು ಅದೇ ಕೈಯ ಮೇಲೆ ಬಾರಿಸಿದ್ದಳು. ಮನೆಗೆ ಬಂದ ಮೇಲೆ ಅದೇ ಕೈಗೆ ಎಣ್ಣೆ ಹಚ್ಚಿ ಅತ್ತಿದ್ದಳು. ಇದನ್ನು ಲಗಮಪ್ಪನಿಗೆ ಹೇಗೆ ಹೇಳುವುದು. ಅವನು ಹೋದ. ಅವಳು ಕರಕು ರೊಟ್ಟಿಯನ್ನು ತನ್ನ ಬುತ್ತಿಗೇ ಕಟ್ಟಿಕೊಂಡಳು.

ಆಚೆ ದಂಡೆಯವರೆಲ್ಲ ತೂಗುಸೇತುವೆಯ ಮೇಲೆ ಹಾದೇ ಮಿಲ್ಲಿಗೆ ಬರಬೇಕು. ಮಳೆಗಾಲದ ಕಡೆಯ ದಿನಗಳು, ಕೆಳಗೆ ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು, ಧುಮುಕುವ ನೀರಿನ ಸಪ್ಪಳದಲ್ಲಿ ಮಾತು ಕೇಳಿಸುತ್ತಿರಲಿಲ್ಲ. ಬೇರೆ ದಿನಗಳಲ್ಲಿ ಎಲ್ಲರೂ ಗುಂಪಾಗಿ ನೂಕಿಕೊಂಡು ಹೋಗುವವರು ಇವತ್ತು ಅವಳನ್ನು ಕಂಡೊಡನೆ ನಿಂತರು. ಹಾದುಹೋಗು ಎಂಬಂತೆ ಬಾಜೂ ಸರಿದರು. ಅವಳು ಮುಂದಾದಳು, ಅವರು ಸ್ವಲ್ಪ ದೂರ ಬಿಟ್ಟು ಹಿಂದೆ ಬಂದರು. ಹಲಗೆಗಳು ಕಾಲಡಿಯಲ್ಲಿ ತೂಗುತ್ತಿದ್ದವು. ಆ ಬಿಟ್ಟ ಅಂತರ ಮರ್ಯಾದೆಯದೋ ಮೈಲಿಗೆಯದೋ ಅವಳಿಗೆ ತಿಳಿಯಲಿಲ್ಲ. ಕೆಂಚವ್ವನ ಹಿಂದೆಯೂ ಹೀಗೇ ಜಾಗ ಬಿಡುತ್ತಿದ್ದರೇ ಎಂದು ನೆನಪು ಮಾಡಿಕೊಳ್ಳಲು ನೋಡಿದಳು. ಇಲ್ಲ, ಕೆಂಚವ್ವ ಯಾವಾಗಲೂ ಗುಂಪಿನ ನಡುವೆಯೇ ಇರುತ್ತಿದ್ದಳು, ಒಬ್ಬಳ ಹೆಗಲ ಮೇಲೆ ಕೈ, ಇನ್ನೊಬ್ಬಳಿಗೆ ಬೈಗಳು. ತಿರುಗಿ ನೋಡಿದರೆ ಅಂಜಿದಳು ಅಂತಾರೆ, ನೋಡದಿದ್ದರೆ ಸೊಕ್ಕು ಬಂತು ಅಂತಾರೆ. ಕುತ್ತಿಗೆ ಸೆಟೆಸಿಕೊಂಡೇ ನಡೆದಳು.

ಖಾತೆಯೊಳಗೆ ಅವಳ ದನಿ ಏಳಲಿಲ್ಲ. ಇದು ಗೊತ್ತಿದ್ದದ್ದೇ. ಕೆಂಚವ್ವ ಒಂದು ಕೂಗು ಹಾಕಿದರೆ ರೀಲುಗಳ ಗದ್ದಲ ದಾಟಿ ಕೊನೆಯ ಗೋಡೆಗೆ ಬಡಿಯುತ್ತಿತ್ತು. ಸಾವಂತ್ರೆವ್ವನ ದನಿ ಎರಡನೆಯ ರೀಲು ದಾಟುತ್ತಿರಲಿಲ್ಲ. ಸುಂದ್ರವ್ವ ಎಂಬ ಹೊಸ ಹುಡುಗಿ ಎಳೆ ಹರಿದುಕೊಂಡು ಸಿಕ್ಕು ಮಾಡಿಟ್ಟಾಗ ಇವಳು ಎರಡು ಸಲ ಕರೆದಳು, ಕೇಳಿಸಲಿಲ್ಲ. ಓಡಿಹೋಗಿ ತಾನೇ ಸಿಕ್ಕು ಬಿಡಿಸಿದಳು. ಇನ್ನೊಬ್ಬಳ ಬಾಬಿನ್ನು ತೀರಿದಾಗ ತಾನೇ ಬುಟ್ಟಿ ಹೊತ್ತು ತಂದಳು. ಮತ್ತೊಬ್ಬಳ ಲಡಿ ಕಟ್ಟಿಕೊಟ್ಟಳು. ಕೆಲಸ ತಪ್ಪಿದಲ್ಲೆಲ್ಲ ಅವಳ ಕೈ ತಾನಾಗಿ ಹೋಗುತ್ತಿತ್ತು. ಬಾಯಿ ಮಾತ್ರ ಹೋಗುತ್ತಿರಲಿಲ್ಲ. ಮಾಸ್ತರ ಮೆಚ್ಚಿದ್ದು ಈ ಕೈಯನ್ನೇ. ಆದರೆ ಚೆನ್ನಾಗಿ ದುಡಿಯುವುದು ಬೇರೆ, ದುಡಿಸುವುದು ಬೇರೆ, ಅದನ್ನು ಅವನು ಯೋಚಿಸಿದ ಹಾಗೆ ಕಾಣಲಿಲ್ಲ. ಹಿಂದಿನಿಂದ ಫಕೀರವ್ವ ಎಲ್ಲರಿಗೂ ಕೇಳುವಂತೆ, ಮಾಸ್ತರ ನಮಗ ನಾಯಕಿಣಿ ಕೊಟ್ಟಾನೋ ಕೈಯಾಳ ಕೊಟ್ಟಾನೋ ಅಂದಳು. ನಗೆ ಎದ್ದಿತು. ಬೆಳಗಿನಿಂದ ಒಬ್ಬರೂ ಅವಳನ್ನು ನಾಯಕಿಣಿ ಎಂದು ಕರೆದಿರಲಿಲ್ಲ. ಹಳೇ ರೂಢಿಯಂತೆ ಸಾವಂತ್ರಿ ಅನ್ನುವುದಕ್ಕೂ ಆಗದೆ, ಹೊಸದನ್ನು ಅನ್ನುವುದಕ್ಕೂ ಆಗದೆ, ಹೆಸರಿಲ್ಲದೆಯೇ ಮಾತು ಮುಗಿಸುತ್ತಿದ್ದರು. ಪದ್ಮವ್ವ ಕೂಡ ಹಾಗೆಯೇ ಮಾಡಿದ್ದಕ್ಕೆ ಅವಳಿಗೆ ಹೆಚ್ಚು ನೋವಾಯಿತು.

ಭೋಂಗಾ ಆಯಿತು. ಹೊರಗೆ ಬೇವಿನ ನೆರಳಿನಲ್ಲಿ ಎಂದಿನಂತೆ ಎರಡು ಸಾಲು ಕೂತವು. ಬುತ್ತಿಗಳು ಬಿಚ್ಚಿದವು, ಚಟ್ನಿ ಹಿಂಡಿಯ ವಾಸನೆ, ಪುಂಡಿಪಲ್ಲೆಯ ಹುಳಿ ವಾಸನೆ ಬಂತು. ಯಾರೂ ತುತ್ತು ಎತ್ತಲಿಲ್ಲ. ಸಾವಂತ್ರೆವ್ವ ನಡುವೆ ನಿಂತಳು. ಎಲ್ಲರ ಕಣ್ಣೂ ತನ್ನ ಮುಖದ ಮೇಲಿಲ್ಲ, ಬಲಗೈಯ ಮೇಲಿವೆ ಎಂದು ಅವಳಿಗೆ ತಿಳಿಯಿತು. ಫಕೀರವ್ವ ತನ್ನ ಗಂಟನ್ನು ಬಿಚ್ಚಿಯೇ ಇರಲಿಲ್ಲ, ತೊಡೆಯ ಮೇಲಿಟ್ಟು ಎರಡೂ ಕೈ ಅದರ ಮೇಲಿಟ್ಟುಕೊಂಡಿದ್ದಳು. ಸಾಲಿನ ಕೊನೆಗೆ ಬಾಳವ್ವ, ಒಂದು ಕಾಲಕ್ಕೆ ಜಂಗಮರಿಗೆ ಊಟಕ್ಕಿಕ್ಕಿದ ಮನೆತನದ ಸೊಸೆ, ಈಗ ಗಂಡ ಹೋಗಿ ಮಕ್ಕಳನ್ನು ಕಟ್ಟಿಕೊಂಡು ಮಿಲ್ಲಿಗೆ ಬಂದವಳು, ಅವಳೂ ಗಂಟು ಬಿಚ್ಚಿರಲಿಲ್ಲ. ಎಲ್ಲರಿಗಿಂತ ಹೆಚ್ಚು ಹೊತ್ತು, ಕಣ್ಣು ಕೀಳದೆ ಅವಳೇ ನೋಡುತ್ತಿದ್ದಳು. ಈಕೆಗೇ ಎಲ್ಲರಿಗಿಂತ ಹೇಸಿಕೆ, ಮನೆತನಸ್ಥಳಲ್ಲವೇ, ಎಂದುಕೊಂಡಳು ಸಾವಂತ್ರೆವ್ವ. ಕೈ ಏಳಲಿಲ್ಲ. ಕಲ್ಲು ಕಟ್ಟಿದ ಹಾಗೆ ಮಗ್ಗುಲಿಗೆ ಜೋತುಬಿದ್ದಿತ್ತು.

"ಇವತ್ತ ನನಗ ಉಪಾಸೈತಿ," ಅಂದಳು. "ನೀವ್ ಉಣ್ಣ್ರಿ."

ಸಾಲುಗಳಿಂದ ಒಂದು ಉಸಿರು ಹೊರಬಿತ್ತು. ಎಷ್ಟೊಂದು ಜನ ಒಟ್ಟಿಗೆ ಹಗುರಾದರೆ ಹೇಗೆ ಕೇಳಿಸುತ್ತದೋ ಹಾಗೆ. ಗಂಟು ಎಳೆದುಕೊಂಡಿದ್ದರೂ ಬೈದಿದ್ದರೂ ಅವಳಿಗೆ ಇಷ್ಟು ಚುಚ್ಚುತ್ತಿರಲಿಲ್ಲ. ಎಷ್ಟು ಛಲೋ ಹೆಣ್ಣುಮಗಳು, ತಾನಾಗಿ ತಿಳಿದುಕೊಂಡಳು ಎಂಬ ಮೆಚ್ಚುಗೆ ಕೂಡ ಒಂದೆರಡು ಮುಖಗಳ ಮೇಲಿತ್ತು, ಆ ಮೆಚ್ಚುಗೆಗೆ ಬೆಂಕಿ ಹಾಕಬೇಕು ಅನ್ನಿಸಿತು. ಉಪಾಸ ಅಂದಮೇಲೆ ತನ್ನ ಕರಕು ರೊಟ್ಟಿಯನ್ನೂ ತಿನ್ನುವ ಹಾಗಿಲ್ಲ. ನಲ್ಲಿಯ ಹತ್ತಿರ ಕೂತು ನೀರು ಕುಡಿದಳು. ಕರೆವ್ವ ಏನೂ ಕೇಳದೆ ತನ್ನಷ್ಟಕ್ಕೆ ಉಂಡಳು. ಬಾಳವ್ವ ತನ್ನ ಗಂಟು ಹಿಡಿದುಕೊಂಡು ಎದ್ದು ಗೋಡೆಯ ಮರೆಗೆ ಹೋಗುವುದು ಕಂಡಿತು. ನನ್ನ ದೃಷ್ಟಿ ಕೂಡ ಬೀಳಬಾರದೆಂದು ಹೋದಳು ಎಂದುಕೊಂಡು ಸಾವಂತ್ರೆವ್ವ ಮತ್ತೊಂದು ಬೊಗಸೆ ನೀರು ಕುಡಿದಳು.

ಸುಳ್ಳು ಹೇಳಿದರೆ ಹೊಟ್ಟೆ ತುಂಬುತ್ತದೆಯೇ. ಮಧ್ಯಾಹ್ನ ಇಳಿಯುವಷ್ಟರಲ್ಲಿ ಅವಳ ಕಾಲು ಸಣ್ಣಗೆ ನಡುಗತೊಡಗಿತು. ರೀಲುಗಳು ತಿರುಗುವಾಗ ಅವುಗಳ ಕಡ್ಡಿಗಳು ಒಂದಕ್ಕೊಂದು ಕೂಡಿ ಬಿಳಿ ಮಂಜಿನ ಹಾಗೆ ಕಂಡವು. ಹಸಿವು ಅವಳಿಗೆ ಹೊಸದಲ್ಲ; ಆದರೆ ಹಸಿದು ನಿಂತು ಎಳೆ ಹಿಡಿಯುವುದನ್ನು ಮರೆತು ಎಷ್ಟೋ ವರ್ಷವಾಗಿತ್ತು. ಎಳೆ ಕೈಗೆ ಸಿಗುವ ಮೊದಲೇ ಬೆರಳು ಮುಚ್ಚಿಕೊಳ್ಳುತ್ತದೆ. ಕಿವಿಯಲ್ಲಿ ಫಾಲ್ಸಿನ ಸಪ್ಪಳ ಒಳಗಿನಿಂದಲೇ ಬಂದ ಹಾಗೆ. ಇದನ್ನೆಲ್ಲ ತನ್ನ ಮೈಯಲ್ಲಿ ಗುರುತಿಸುತ್ತ ನಿಂತಿದ್ದವಳು ತಲೆ ಎತ್ತಿದಾಗ ಕೊನೆಯ ರೀಲಿನ ಹತ್ತಿರ ಬಾಳವ್ವನ ಕೈಯೂ ಹಾಗೆಯೇ ಗಾಳಿಯಲ್ಲಿ ಮುಚ್ಚಿ ತೆರೆಯುತ್ತಿರುವುದು ಕಂಡಿತು. ಇದು ತನ್ನದೇ ಕೈ ಎಂದು ಒಂದು ಗಳಿಗೆ ಭ್ರಮೆಯಾಯಿತು. ಓಡಿದಳು. ಮುಟ್ಟುವ ಮೊದಲೇ ಬಾಳವ್ವ ಗೋಡೆಗೆ ಜಾರಿ ನೆಲಕ್ಕೆ ಕುಸಿದಳು.

ಹೆಂಗಸರು ನೆರೆದರು. ಯಾರೋ ನೀರು ತಂದರು, ಯಾರೋ ಗಾಳಿ ಹಾಕಿದರು. ತಲೆಯ ಕೆಳಗೆ ಇಡಲು ಏನಾದರೂ ಕೊಡಿ ಎನ್ನುತ್ತ ಸಾವಂತ್ರೆವ್ವ ಬಾಳವ್ವನ ಬುತ್ತಿಯ ಗಂಟನ್ನೇ ಎಳೆದುಕೊಂಡಳು. ಗಂಟು ಹಗುರಾಗಿತ್ತು. ಉಂಡ ಮೇಲಿನ ಬುತ್ತಿ ಹಗುರಾಗಿರಬೇಕಾದ್ದೇ, ಆದರೆ ಇದು ದಪ್ಪಗಿತ್ತು, ದುಂಡಗಿತ್ತು, ಮೆತ್ತಗಿತ್ತು. ಬೆರಳಿನಿಂದ ಒತ್ತಿದಳು. ಒಳಗೆ ಮಡಿಚಿಟ್ಟ ಹಳೆಯ ಕುಪ್ಪಸದ ಅರಿವೆ, ಬೇರೆ ಏನೂ ಇಲ್ಲ. ರೊಟ್ಟಿ ಇದ್ದ ಹಾಗೆ ಕಾಣಲೆಂದು ದುಂಡಗೆ ಮಡಿಚಿ ಕಟ್ಟಿದ್ದು. ಅಕ್ಕಪಕ್ಕ ನೋಡದೆ ಗಂಟನ್ನು ಬಾಳವ್ವನ ತಲೆಯ ಕೆಳಗೆ ತುರುಕಿ ಅದರ ಮೇಲೆ ತನ್ನ ಅಂಗೈ ಇಟ್ಟುಕೊಂಡೇ ಕೂತಳು. ಏನಾಗಿದೆ ಎಂದು ಫಕೀರವ್ವ ಕೇಳಿದಳು. ಪಿತ್ತ ಆಗೇತಿ ಅಂದಳು ಸಾವಂತ್ರೆವ್ವ. ಫಕೀರವ್ವನೇ ಬಾಯಿಗೆ ಬೆಲ್ಲ ಹಾಕಿದಳು, ಪಾಪ, ಅವಳಿಗೂ ಕನಿಕರವಿತ್ತು. ಬಾಳವ್ವ ಕಣ್ಣು ತೆರೆದು ಮೊದಲು ನೋಡಿದ್ದು ತನ್ನ ಗಂಟು ಎಲ್ಲಿದೆ ಎಂದು. ಆಮೇಲೆ ಸಾವಂತ್ರೆವ್ವನ ಮುಖ ನೋಡಿದಳು, ಮತ್ತು ತಿಳಿದುಕೊಂಡಳು.

ಎಂದೋ ಮರೆತಿದ್ದ ಒಂದು ಸಂಕ್ರಮಣ ಆಗ ಸಾವಂತ್ರೆವ್ವನ ಎದುರು ಬಂದು ನಿಂತಿತು. ಅವತ್ತು ಅವಳು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ತಂದಿದ್ದಳು, ಖಾತೆಗೆಲ್ಲ ಅವಳೊಬ್ಬಳದೇ ಸಜ್ಜೆಯದು. ಕೆಂಚವ್ವನ ಸೆರಗಿಗೆ ದೊಡ್ಡ ಚೂರೇ ಹಾಕಿದ್ದಳು. ಆಮೇಲೆ ನೋಡಿದರೆ ಆ ಎಳ್ಳಿನ ಚೂರು ಬಾಳವ್ವನ ಕೈಯಲ್ಲಿತ್ತು. ನಮ್ಮ ರೊಟ್ಟಿ ಈಕೆ ಬಾಯಿಗೆ ಇಡುವುದಿಲ್ಲ, ಯಾರಿಗೋ ದಾಟಿಸಿ ಕೈ ತೊಳೆದುಕೊಳ್ಳುತ್ತಾಳೆ ಎಂದು ಅವತ್ತಿನಿಂದ ಕೆಂಚವ್ವನ ಮೇಲೆ ಒಳಗೊಳಗೇ ಹಗೆ ಸಾಕಿಕೊಂಡು ಬಂದಿದ್ದಳು. ಈಗ ತಿಳಿಯಿತು, ನಮ್ಮ ರೊಟ್ಟಿಯಷ್ಟೇ ಅಲ್ಲ, ಎಲ್ಲರ ರೊಟ್ಟಿಯೂ ಅಲ್ಲಿಗೇ ಹೋಗುತ್ತಿತ್ತು. ದಿನಾ ಹೋಗುತ್ತಿತ್ತು. ಇಷ್ಟು ನನಗೆಲ್ಲಿ ತಿನ್ನಾಕ ಆಕ್ಕೈತಿ ಎಂದು ಗೊಣಗುತ್ತ ಕೆಂಚವ್ವ ಸೆರಗು ಬಿಚ್ಚಿಕೊಂಡು ಬಾಳವ್ವನ ಮಗ್ಗುಲಿಗೇ ಯಾಕೆ ಕೂಡುತ್ತಿದ್ದಳು ಎಂದು ತಾನು ಒಂದು ಸಲವೂ ಯೋಚಿಸಿರಲಿಲ್ಲ. ಇವತ್ತು ಎಲ್ಲರೂ ತನ್ನ ಕೈ ನೋಡುತ್ತಿದ್ದಾರೆ ಎಂದು ಎಷ್ಟು ಒದ್ದಾಡಿದಳು. ತಾನೂ ತನ್ನ ಕೈಯನ್ನೇ ನೋಡಿಕೊಂಡು ನಿಂತಿದ್ದಳು. ಅಲ್ಲಿ ಒಬ್ಬಳು ಹಸಿದು ಕಾಯುತ್ತಿದ್ದಳು, ಅವಳ ನೋಟವನ್ನು ಹೇಸಿಕೆ ಎಂದು ಓದಿದ್ದಳು.

ಸಂಜೆ ಮಿಲ್ಲು ಬಿಟ್ಟ ಕೂಡಲೇ ಅವಳು ಮನೆಗೆ ಹೋಗದೆ ಕೊಣ್ಣೂರಿನ ದಾರಿ ಹಿಡಿದಳು. ಕೆಂಚವ್ವ ಕಟ್ಟೆಯ ಮೇಲೆ ಕೂತಿದ್ದಳು, ಹಣೆಯ ವಿಭೂತಿ ಬೆವರಿಗೆ ಕಲಸಿತ್ತು. ಕಣ್ಣು ಮಂಜಾದರೂ ಹೆಜ್ಜೆಯ ಸಪ್ಪಳಕ್ಕೇ ಯಾರೆಂದು ಗುರುತು ಹಿಡಿದಳು. ಸಾವಂತ್ರೆವ್ವ ಎಂದಿನಂತೆ ಅಂಗಳದಲ್ಲೇ ನಿಂತಳು, ನಿಂತ ಮೇಲೆ ಹಾಗೆ ನಿಂತದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು. ಬಾಳವ್ವ ಬಿದ್ದದ್ದನ್ನು ಹೇಳಿದಳು. ತನ್ನ ಉಪಾಸದ ಸುಳ್ಳನ್ನೂ ಹೇಳಿದಳು. ಕೆಂಚವ್ವ, ಆಕೆ ಉಂಡಳೇನು, ಬೆಲ್ಲ ಬಿಟ್ಟು ಮತ್ತೇನರ ಉಂಡಳೇನು ಎಂದಷ್ಟೇ ಕೇಳಿದಳು. ಸಾವಂತ್ರೆವ್ವನ ಬಾಯಿಯಿಂದ ಬಂದದ್ದು ಎಷ್ಟೋ ವರ್ಷದಿಂದ ಗಂಟಲಲ್ಲಿ ಕೂತಿದ್ದ ಮಾತು.

"ಎಕ್ಕಾ, ನಮ್ಮ ಸಾಲಿಗಿ ಬಂದಾಗ ನೀ ಯಾಕ ಕೈ ಹಾಕ್ತಿರಲಿಲ್ಲ?"

ಕೆಂಚವ್ವ ಕಟ್ಟೆಯ ಮೇಲೆ ಕೈಯಾಡಿಸುತ್ತ ಕೂತಳು. ಸುಳ್ಳು ಹುಡುಕುತ್ತಿದ್ದಾಳೆ ಎಂದುಕೊಂಡಳು ಸಾವಂತ್ರೆವ್ವ. ಆದರೆ ಹುಡುಕಿದ್ದು ಸುಳ್ಳಲ್ಲ.

"ಅಂಜಿಕಿ," ಅಂದಳು ಕೆಂಚವ್ವ. "ನಿಮ್ಮ ಬುತ್ತ್ಯಾಗ ಕೈ ಇಟ್ಟಿದ್ರ ಅವ್ರು ತಮ್ಮ ಬುತ್ತಿ ಮುಚ್ಚತಿದ್ರು. ಆಮ್ಯಾಲ ಬಾಳವ್ವನ ಉಡಿಗಿ ನಾ ಏನ್ ಹಾಕ್ಲಿ? ಹಿಂಗ ಅಂತ ನನಗ ನಾನ ಹೇಳ್ಕೊಂಡೆ. ಖರೆ ಹೇಳಬೇಕಂದ್ರ, ನನಗೂ ಹೇಸಿಕಿ ಇತ್ತವ್ವಾ. ಬಸವಣ್ಣನ ಹೆಸರ ತೊಗೋತೀನಿ, ಕೈ ಮಾತ್ರ ಹೋಗಲಿಲ್ಲ."

ಕೈ ಹೋಗಲಿಲ್ಲ. ಅದೇ ಮಾತು. ಸಾವಂತ್ರೆವ್ವನಿಗೆ ನಗು ಬಂದಂತಾಯಿತು, ಅಳು ಬಂದಂತೆಯೂ ಆಯಿತು. ಒಬ್ಬಳ ಹಸಿವನ್ನು ಇಷ್ಟು ವರ್ಷ ಯಾರಿಗೂ ತಿಳಿಯದಂತೆ ಕಾದವಳು ಇವಳೇ, ಅದೇ ಹೊತ್ತಿಗೆ ತಮ್ಮನ್ನೆಲ್ಲ ದಿನಾ ಒಂದು ಸಲ ಸಣ್ಣವರನ್ನಾಗಿ ಮಾಡಿದವಳೂ ಇವಳೇ. ಇವಳನ್ನು ದೊಡ್ಡವಳೆನ್ನಬೇಕೋ ಬೈಯಬೇಕೋ. ಕಟ್ಟೆಗೆ ಬಂದು ಕೂಡು ಎಂದು ಕೆಂಚವ್ವ ಕರೆದಳು. ಸಾವಂತ್ರೆವ್ವ ಕೂಡಲಿಲ್ಲ, ಇವತ್ತು ಬೇಡ ಅಂದಳು. ದಾರಿಯುದ್ದಕ್ಕೂ ಅವಳ ಸಿಟ್ಟು ಇಳಿಯಲಿಲ್ಲ. ಲಗಮಪ್ಪ ಹೇಳಿದ ಹಕ್ಕಿನ ಮಾತು ಖರೆ, ಕೆಂಚವ್ವನ ಅಂಜಿಕೆಯೂ ಖರೆ, ಆದರೆ ಎರಡನ್ನೂ ಕೂಡಿಸಿದರೂ ನಾಳೆ ಮಧ್ಯಾಹ್ನ ಬಾಳವ್ವನ ಬಾಯಿಗೆ ತುತ್ತು ಹೋಗುವುದಿಲ್ಲ. ಕೆಂಚವ್ವ ಕೊಟ್ಟರೆ ಅದು ಲಿಂಗವಂತರ ಕೈಯ ಊಟ. ತಾನು ಕೊಟ್ಟರೆ ಬಾಳವ್ವ ತಿಂದಾಳೆಯೇ? ರಾತ್ರಿ ಊಟಕ್ಕೆ ಕೂತಾಗ ಲಗಮಪ್ಪ ಏನಾಯಿತೆಂದು ಕೇಳಿದ. ಅವಳು ನಾಳೆ ಅಂದಳು.

ಮರುದಿನ ಬೇವಿನ ನೆರಳಿನಲ್ಲಿ ಸಾಲುಗಳು ಕೂತಾಗ ಅವಳು ಮೊದಲು ತನ್ನವರ ಹತ್ತಿರ ಹೋದಳು. ಪದ್ಮವ್ವ, ಕರೆವ್ವ ಬುತ್ತಿ ಮುಂದೆ ಮಾಡಿದರು. ಕೈ ಹಾಕಿ ಮುರಿದುಕೊಂಡಳು. ಆಮೇಲೆ ತಿರುಗಿ ಫಕೀರವ್ವನ ಮುಂದೆ ಹೋಗಿ ನಿಂತಳು. ಫಕೀರವ್ವ ಗಂಟನ್ನು ಹೊಟ್ಟೆಗೆ ಒತ್ತಿಕೊಂಡಳು. ಇವತ್ತ ಉಪಾಸ ಇಲ್ಲೇನು ಎಂದು ಕೇಳಿದಳು. ಇಲ್ಲ ಅಂದಳು ಸಾವಂತ್ರೆವ್ವ.

ಮಾಸ್ತರ ನಾಯಕಿಣಿ ಅಂದಕೂಡಲೇ ಮಾನದ ಹಸಿವು ಹತ್ತಿತು ನೋಡಿರೆ, ಎಂದು ಯಾರೋ ಅಂದರು. ಮುಖಗಳಲ್ಲಿ ಅದೇ ಇತ್ತು. ಈಕೆಗೆ ಮಾನ ಬೇಕಾಗಿದೆ, ನಿನ್ನೆ ತಿಳಿವಳಿಕೆ ಇದ್ದವಳು ಇವತ್ತು ತಲೆ ತಿರುಗಿ ಬಂದಿದ್ದಾಳೆ. ಒಂದೇ ಮಾತು ಸಾಕಾಗಿತ್ತು. ಇದು ನನಗಲ್ಲ, ನಿಮ್ಮವಳೇ ಒಬ್ಬಳು ಹಸಿದಿದ್ದಾಳೆ ಎಂದು ಹೇಳಿದ್ದರೆ ಎಲ್ಲರೂ ಕೊಡುತ್ತಿದ್ದರು, ಫಕೀರವ್ವ ಮೊದಲು ಕೊಡುತ್ತಿದ್ದಳು, ಕಣ್ಣೀರು ಹಾಕಿಯೇ ಕೊಡುತ್ತಿದ್ದಳು. ಆಮೇಲೆ ಬಾಳವ್ವ ಈ ಖಾತೆಗೆ ಮತ್ತೆ ಕಾಲಿಡುತ್ತಿರಲಿಲ್ಲ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಸಾವಂತ್ರೆವ್ವ ಅದನ್ನು ನುಂಗಿಕೊಂಡಳು. ಸೊಕ್ಕಿನವಳು ಅನ್ನಲಿ. ಸೆರಗು ಹಿಡಿದು ನಿಂತೇ ಇದ್ದಳು. ಸಿಟ್ಟು ಇತ್ತು, ಅವಮಾನ ಇತ್ತು, ಆದರೆ ಅವಳು ಸರಿಯಲಿಲ್ಲ. ಎಲ್ಲರ ಹೊಟ್ಟೆಯೂ ಹಸಿದಿತ್ತು, ಇವಳ ಸುತ್ತು ಮುಗಿಯದೆ ಯಾರೂ ಉಣ್ಣುವ ಹಾಗಿಲ್ಲ.

ಕಡೆಗೆ ಫಕೀರವ್ವ ಗಂಟು ಬಿಚ್ಚಿದಳು. ಒಂದು ಚೂರು ಮುರಿದು, ತಾಗದ ಹಾಗೆ ಕೈ ಎತ್ತಿ ಮೇಲಿನಿಂದ ಸೆರಗಿಗೆ ಹಾಕಿದಳು. ಕೆಂಚವ್ವನ ಸೆರಗಿಗೆ ಇವರು ಹಾಕುತ್ತಿದ್ದ ಹಾಗೆಯೇ. ಮುಂದಿನವಳೂ ಹಾಗೆಯೇ ಹಾಕಿದಳು. ಮುಂದಿನವಳೂ. ಚೂರುಗಳು ಮೇಲಿನಿಂದ ಬಿದ್ದವು, ಒಂದು ಸೆರಗಿನ ಅಂಚಿಗೆ ಬಡಿದು ನೆಲಕ್ಕುರುಳಿತು. ಸಾವಂತ್ರೆವ್ವ ಬಗ್ಗಿ ಅದನ್ನೂ ಎತ್ತಿ ಮಣ್ಣು ಊದಿ ಹಾಕಿಕೊಂಡಳು. ಇದಕ್ಕೆ ನಾಳೆ ಬೇರೆ ಜಗಳ ಮಾಡೋಣ ಎಂದು ಮನಸ್ಸಿನಲ್ಲಿ ಲಗಮಪ್ಪನಿಗೆ ಹೇಳಿದಳು, ಮಾಡಿಯೇ ಮಾಡುತ್ತೇನೆ. ಸುಂದ್ರವ್ವನೊಬ್ಬಳು ತಿಳಿಯದೆಯೋ ತಿಳಿದೋ ಕೈ ಕೆಳಗಿಳಿಸಿ ಸೆರಗಿನಲ್ಲೇ ಇಟ್ಟಳು. ಅವಳ ಬೆರಳು ತಗಲಿತು.

ಸಾಲಿನ ಕೊನೆಗೆ ಬಾಳವ್ವ. ತೊಡೆಯ ಮೇಲೆ ಅದೇ ದುಂಡನೆಯ ಗಂಟು. ತನ್ನ ಗುಟ್ಟು ಹಿಡಿದವಳು ಸಾಲು ಹಿಡಿದು ಹತ್ತಿರ ಬರುವುದನ್ನು ಅವಳು ನೋಡುತ್ತ ಕೂತಿದ್ದಳು, ತುಟಿಯ ಮೇಲೆ ರಕ್ತವಿರಲಿಲ್ಲ. ಬಿಟ್ಟು ಹೋದರೆ ಯಾಕೆ ಬಿಟ್ಟಳೆಂದು ಮಂದಿ ಕೇಳುವರು. ಮುರಿದು ಹಾಕು ಎಂದರೆ ಏನನ್ನು ಮುರಿದು ಹಾಕುವುದು. ಎಲ್ಲರೂ ಇತ್ತಲೇ ನೋಡುತ್ತಿದ್ದರು. ಸಾವಂತ್ರೆವ್ವ ಅವಳೆದುರು ಕುಕ್ಕರುಗಾಲಿನಲ್ಲಿ ಕೂತಳು, ಮಂದಿಗೆ ಬೆನ್ನು ಬರುವ ಹಾಗೆ ಸ್ವಲ್ಪ ತಿರುಗಿ. ಬಲಗೈ ಎತ್ತಿದಳು. ಕೈ ಅವಳ ಮಾತು ಕೇಳಿತು. ಗಂಟಿನ ಸಡಿಲಾದ ಮಗ್ಗುಲಿನಿಂದ ಅದನ್ನು ಒಳಗೆ ಹಾಕಿದಳು. ಹಿಂದೆ ಯಾರೋ ಅವ್ವಾ ಅಂದದ್ದು ಕೇಳಿಸಿತು, ಬಾಳವ್ವನ ಬುತ್ತಿಯಲ್ಲಿ ಕೈ ಹಾಕಿದಳಲ್ಲ ಎಂದು. ಬೆರಳಿಗೆ ಹಳೆಯ ಅರಿವೆಯ ಮೆತ್ತಗಿನ ನೂಲು ತಗಲಿತು, ಯಾವುದೋ ಕಾಲದಲ್ಲಿ ಒಳ್ಳೆಯ ಬೆಲೆಯದೇ ಆಗಿದ್ದಿರಬೇಕು. ಮುರಿದ ಹಾಗೆ ಬೆರಳು ಮಡಿಚಿ ಹೊರಗೆ ತೆಗೆದು ಬಾಯಿಗೆ ಇಟ್ಟುಕೊಂಡಳು. ಅಗಿದಳು.

"ಉಪ್ಪ ಒಂಚೂರ ಕಡಿಮಿ ಆಗೇತ್ ನೋಡ," ಅಂದಳು. ಎರಡನೆಯ ರೀಲು ದಾಟದ ಆ ದನಿ ಬೇವಿನ ಮರದ ಆಚೆಗೂ ಹೋಯಿತು.

ಸೆರಗು ಬಿಚ್ಚಿ ಚೂರುಗಳನ್ನೆಲ್ಲ ಬಾಳವ್ವನ ಮುಂದೆ ಹಾಕಿಕೊಂಡು, ಇಷ್ಟು ನನಗೆಲ್ಲಿ ತಿನ್ನಾಕ ಆಕ್ಕೈತಿ, ನೀನೂ ಒಂದಿಷ್ಟು ಮುಗಿಸು ಎಂದು ಗೊಣಗಿದಳು. ಗೊಣಗುವುದು ಕೆಂಚವ್ವನ ಹಾಗೆ ಬರಲಿಲ್ಲ, ಸ್ವಲ್ಪ ನಡುಗಿತು. ಬಾಳವ್ವ ಆ ಚೂರುಗಳನ್ನು ನೋಡಿದಳು, ಅವುಗಳ ನಡುವೆ ಇನ್ನೂ ಇದ್ದ ಸಾವಂತ್ರೆವ್ವನ ಕೈಯನ್ನು ನೋಡಿದಳು. ಆಮೇಲೆ ಅವಳು ಒಂದು ಚೂರು ಎತ್ತಿದಳು, ಕರೆವ್ವ ಕೊಟ್ಟದ್ದೋ ಫಕೀರವ್ವ ಕೊಟ್ಟದ್ದೋ, ಬಾಯಿಗೆ ಇಟ್ಟು, ಎಲ್ಲರಿಗೂ ಕೇಳುವಂತೆ ಅಂದಳು:

"ನಾಳಿಗಿ ಉಪ್ಪ ಸರಿ ಹಾಕ್ಕೊಂಡ ಬರ್ತೇನಿ, ನಾಯಕಿಣಿ."

ಸಾವಂತ್ರೆವ್ವ ಇನ್ನೂ ಅಗಿಯುತ್ತಿದ್ದಳು. ಬಾಯಲ್ಲಿ ಏನೂ ಇರಲಿಲ್ಲ. ಎಲ್ಲರೂ ಉಣ್ಣಲು ತೊಡಗಿದ ಮೇಲೆ ಆ ಇಲ್ಲದ ತುತ್ತನ್ನು ನುಂಗಿದಳು.